ಗದ್ದದ ಮೂರು ಚುಕ್ಕೆ

ಅವಳಿ ಹೆಣ್ಣುಮಕ್ಕಳ ಗುರುತು ಸಿಗಲೆಂದು ಅವ್ವ ಕಸ್ತೂರಿಯ ಗದ್ದಕ್ಕಷ್ಟೇ ಮೂರು ಚುಕ್ಕೆ ಹಚ್ಚೆ ಹಾಕಿಸಿದ್ದಳು. ನೀಲಾಳ ಗದ್ದ ಬರಿದಾಗಿಯೇ ಉಳಿಯಿತು. ಆ ಕಸ್ತೂರಿ ಹೊಳೆಯ ಪಾಲಾಗಿ ಐದು ದಿನವಾಗಿತ್ತು. ಅವ್ವ ಹೊಸ್ತಿಲು ಬಿಟ್ಟೇಳಲಿಲ್ಲ, ನೀಲಾ ಕೊಟ್ಟ ತುತ್ತು ಮುಟ್ಟಲಿಲ್ಲ. “ಕಸ್ತೂರಿ ಬರ್ಲಿ, ಆಕಿ ಜೋಡಿ ಉಣ್ತೀನಿ” ಅನ್ನುವುದೊಂದೇ ಮಾತು.

ಆರನೆಯ ದಿನ ನೀಲಾ ಹಚ್ಚೆ ಹಾಕುವವಳ ಮುಂದೆ ಗದ್ದ ಒಡ್ಡಿದಳು.

“ಒಮ್ಮೆ ಚುಚ್ಚಿದ್ರ ಸಾಯೂತನಕ ಹೋಗಂಗಿಲ್ಲ, ತಂಗಿ.”

“ಅವ್ವ ಉಂಡ್ರ ಸಾಕು. ಚುಚ್ಚು.”

ಊದಿದ ಗದ್ದ ಹೊತ್ತು ಮನೆಗೆ ಬಂದಳು. ಅವ್ವ ಬೆರಳಿನಿಂದ ಒಂದೊಂದೇ ಚುಕ್ಕೆ ಸವರಿದಳು. “ಬಂದ್ಯಾ, ನನ್ನ ಕಸ್ತೂರಿ!” ಎಂದು ಅಪ್ಪಿ, ಊಟದ ಗಂಗಾಳ ಎಳೆದುಕೊಂಡು ತುತ್ತು ಮುರಿದಳು. ಬಾಯಿಗಿಡುವಷ್ಟರಲ್ಲಿ ಕೈ ನಿಂತಿತು. ಹೊಸ್ತಿಲಿನಾಚೆ ಕಣ್ಣು ನೆಟ್ಟಳು.

“ತಡಿ, ನೀಲಾ ಬರ್ಲಿ. ಆಕಿ ಜೋಡಿ ಉಣ್ತೀನಿ.”