ಕೆಂಪು ಅಲೆಯ ರಜೆ

"ಅವ್ವಾ, ಇವತ್ತರ ಸಾಲ್ಯಾಗ ನನ್ನ ಡ್ಯಾನ್ಸ್ ನೋಡಾಕ ಬರ್ತೀಯೋ ಇಲ್ಲೋ?" ಮಿಂಚು ನವಿಲುಗರಿ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಹೋದ ವರ್ಷವೂ ನೀಲವ್ವನಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಕ್ಕಿರಲಿಲ್ಲ.

ನೀಲವ್ವ ಸೂಪರ್‌ವೈಸರ್ ಬಸಲಿಂಗಪ್ಪನಿಗೆ ಫೋನ್ ಮಾಡಿ, ಹೊಟ್ಟೆ ಕೆಟ್ಟಿದೆ ಎಂದಳು.

"ತಡಿಯಬೇ, ನಿನ್ನ ಕರುಳ ನೋಡ್ತೀನಿ."

ಯುಗಾದಿಗೆ ಬೇವು-ಬೆಲ್ಲದ ಜೊತೆ ಎಲ್ಲರೂ ನುಂಗುವ ಪುಟ್ಟ ಯಂತ್ರದ ಗುಂಡು ವರ್ಷವಿಡೀ ದೊಡ್ಡ ಕರುಳಿನಲ್ಲಿ ಕೂತು, ಅದರ ಅಲುಗಾಟವನ್ನು ಅಲೆಯಾಗಿ ಅವರ ಮೊಬೈಲಿಗೂ ಸೂಪರ್‌ವೈಸರ್ ಮೊಬೈಲಿಗೂ ಕಳಿಸುತ್ತದೆ. ಅಲೆ ಹಸಿರಿದ್ದರೆ ಕೆಲಸ, ಕೆಂಪಿದ್ದರೆ ರಜೆ. ನೀಲವ್ವನ ಅಲೆ ಬೆಳಿಗ್ಗೆಯಿಂದ ಹಸಿರಾಗಿಯೇ ಇತ್ತು. ಸಿಕ್ಕಿಬಿದ್ದೆ ಎಂದುಕೊಂಡಳು. ಹೆದರಿಕೆಗೆ ಹೊಟ್ಟೆ ಗುಡುಗುಡು ಎಂದಿತು.

"ಯವ್ವಾ! ಪೂರಾ ಕೆಂಪ! ಮಲಕೋ ಹೋಗು," ಎಂದ ಬಸಲಿಂಗಪ್ಪ.

ನೀಲವ್ವ ನಿರಾಳವಾಗಿ ಉಸಿರು ಬಿಟ್ಟಳು.

"ಏನಿದು, ಇಷ್ಟ ಲಗೂ ಹಸರಾತು? ನಾಟಕ ಮಾಡ್ತೀಯೇನ?"

ಮತ್ತೆ ಗುಡುಗುಡು.

"ಇಲ್ಲ ಇಲ್ಲ, ಮತ್ತ ಕೆಂಪಾತು. ಸಂಜಿತನಕ ನೋಡ್ಕೋತ ಇರ್ತೀನಿ. ಹಸರಾದ್ರ ಹೊಳ್ಳಿ ಕೆಲಸಕ್ಕ ಬರಬೇಕು."

ಫೋನಿಟ್ಟ ನೀಲವ್ವ ಮಗಳ ಮುಂದೆ ಕುಸಿದು ಕೂತಳು. "ನೀ ಕುಣಿಯೋದು ನೋಡಿ ನಂಗ ಖುಷಿ ಆದ್ರ ಮುಗೀತು. ಹಸರಾಗತೈತಿ. ಅರ್ಧಕ್ಕ ಎದ್ದು ಓಡಬೇಕು."

ಮಿಂಚು ಅವ್ವನ ಕೈ ಹಿಡಿದಳು. "ಚಿಂತಿ ಮಾಡಬ್ಯಾಡಬೇ. ನಡುವಿನ ಸ್ಟೆಪ್ ನಂಗ ಇನ್ನೂ ಬರಂಗಿಲ್ಲ. ಎಲ್ಲಾರಕಿಂತ ಮುಂದ ನಿಲ್ಲಾಕಿ ನಾನ."

ನೀಲವ್ವನ ಮೊಬೈಲಿನ ಅಲೆ ಅಲ್ಲೇ ಇನ್ನಷ್ಟು ಕೆಂಪಾಯಿತು. ಸಂಜೆಯವರೆಗೂ ಅದು ಹಸಿರಾಗಲೇ ಇಲ್ಲ.