ರಾಣಿ ಛಾಪಿನ ರೂಪಾಯಿಗಳು

ಹಿತ್ತಾಳೆ ದೀಪ ಉಜ್ಜುವಾಗ ಹುಣಸೆಯ ಹುಳಿ ವಾಸನೆ ಬಂದರೆ ಈಗಲೂ ನನಗೆ ನಾಗಪುರದ ಆ ಮಧ್ಯಾಹ್ನ ನೆನಪಾಗುತ್ತದೆ. ಅದರಲ್ಲಿ ಎಷ್ಟು ನಿಜವೋ ಹೇಳಲಾರೆ.

ಅವ್ವ ತೀರಿಕೊಂಡ ಮೇಲೆ ಅವಳ ಹಳೆಯ ರಾಣಿ ಛಾಪಿನ ಬೆಳ್ಳಿ ರೂಪಾಯಿಗಳನ್ನು ಮಾರಲು ಅಪ್ಪ ನನ್ನನ್ನೂ ಕರೆದುಕೊಂಡು ಸೀತಾಬರ್ಡಿ ಪೇಟೆಗೆ ಹೋದರು. "ಕಣ್ಣಮುಂದ ಇದ್ರ ಸಂಕಟ ಆಗ್ತೈತಿ ಅಣ್ಣಾ, ಕೊಟ್ಟುಬಿಡು," ಎಂದು ಅತ್ತೆ ಹೇಳಿದ್ದಳು. ಪ್ರತಿ ಲಕ್ಷ್ಮೀಪೂಜೆಗೂ ಅವ್ವ ಅವನ್ನು ಹುಣಸೆ, ಬೂದಿ ಹಾಕಿ ತಿಕ್ಕುತ್ತಿದ್ದಳು.

ಹಳೆ ನಾಣ್ಯಗಳ ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿ ನಕ್ಕ. "ಸಾಹೇಬ, ರಾಣಿಗೆ ಮೂಗೇ ಇಲ್ಲವಲ್ಲ! ಯಾರು ಇಷ್ಟು ಉಜ್ಜಿದ್ದು?" ಎಂದು ಹಿಂದಿಯಲ್ಲಿ ಕೇಳಿದ. "ಹೊಳಪು ಯಾರಿಗೆ ಬೇಕು? ಇವನ್ನು ಕರಗಿಸಬೇಕು, ಅಷ್ಟೇ."

ಅಪ್ಪ ಟ್ರಂಕಿನ ತಳದಲ್ಲಿ ಸಿಕ್ಕಿದ್ದ, ಅವ್ವನ ಕೈಗೆ ಎಂದೂ ಬೀಳದೆ ಉಳಿದಿದ್ದ ಒಂದು ಕಪ್ಪು ರೂಪಾಯಿಯನ್ನು ಕೊನೆಗೆ ಮುಂದಿಟ್ಟರು. ವ್ಯಾಪಾರಿ ಅದನ್ನು ಅಂಚಿನಲ್ಲಷ್ಟೇ ಹಿಡಿದು ಬೆಳಕಿಗೆ ತಿರುಗಿಸಿದ. ಕಿರೀಟದ ಕೆಳಗೆ ಕೂದಲಿನ ಎಳೆ ಎಳೆಯೂ ಕಾಣುತ್ತಿತ್ತು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

"ವಾಹ್! ಮಾಲು ಅಂದರೆ ಇದು."

"ಇದೊಂದನ್ನು ತೆಗೆದುಕೊಳ್ಳಿ," ಎಂದರು ಅಪ್ಪ.

"ಮತ್ತೆ ಅವು?"

ಅಪ್ಪ ಮೂಗಿಲ್ಲದ ರಾಣಿಯರನ್ನು ಒಂದೊಂದಾಗಿ ಕರವಸ್ತ್ರದೊಳಗೆ ಹಾಕಿ ಗಂಟು ಕಟ್ಟಿದರು. ನಾನು ಅಳಲಿಲ್ಲ. ಅಪ್ಪ ಅತ್ತದ್ದೂ ನೆನಪಿಲ್ಲ. ಬಸ್ಸಿನಲ್ಲಿ ಗಂಟನ್ನು ನನ್ನ ತೊಡೆಯ ಮೇಲಿಟ್ಟು, ಕಿಟಕಿಯ ಹೊರಗೆ ನೋಡುತ್ತ ಹೇಳಿದರು:

"ಅತ್ತಿ ಕೇಳಿದ್ರ, ಯಾರೂ ತಗೊಳ್ಳಲಿಲ್ಲ ಅಂತ ಹೇಳು."