ಮಿಂಚುಹುಳದ ಮಾತು

"ಇವತ್ತು ನಾವು ಕಾಡಲ್ಲಿ ನೋಡೋಕೆ ಹೊರಟಿರೋದು ಮಿ... ಮಿ..." ಪಾರ್ಕಿನ ಗೈಡುಗಳ ಹಸಿರು ಟೋಪಿ ತೊಟ್ಟು ಮೊದಲ ಸಲ ಜನರೆದುರು ನಿಂತಿದ್ದ ಟೆಸ್ಸಾಳ ಮಾತು ಅಲ್ಲೇ ಸಿಕ್ಕಿಹಾಕಿಕೊಂಡಿತು. ಬೆಂಕಿಯ ಸುತ್ತ ದಿಮ್ಮಿಗಳ ಮೇಲೆ ಕುಳಿತವರೆಲ್ಲ ಅವಳನ್ನೇ ನೋಡಿದರು. ಹಿಂದಿನ ಸಾಲಿನಲ್ಲಿದ್ದ ಅವಳಪ್ಪ ಆರ್ಲೋನ ನಾಲಿಗೆಯ ತುದಿಗೆ ಆ ಪದ ಬಂದಾಗಿತ್ತು. ಶಾಲೆಯಲ್ಲಿ, ಅಂಗಡಿಯಲ್ಲಿ, ಫೋನಿನಲ್ಲಿ ಅವಳು ತೊದಲಿದ್ದನ್ನೆಲ್ಲ ಮುಗಿಸಿಕೊಡುತ್ತ ಬಂದವನು ಅವನೇ.

ಅಷ್ಟರಲ್ಲಿ, ಪಕ್ಕದಲ್ಲಿ ಕಡ್ಡಿಗೆ ಮಾರ್ಷ್‌ಮ್ಯಾಲೋ ಮಿಠಾಯಿ ಸಿಕ್ಕಿಸುತ್ತಿದ್ದ ಗಡ್ಡದವನು ಕೂಗಿದ: "ಮಿಂಚುಹುಳಾನಾ?"

"ಸುಮ್ನಿರಯ್ಯಾ!" ಆರ್ಲೋ ಗದರಿದ. "ಅವಳ ಮಾತು ಅವಳೇ ಹೇಳ್ತಾಳೆ." ಹಾಗೆಂದ ಮೇಲೆ ಅವನಿಗೇ ಅಚ್ಚರಿಯಾಯಿತು.

ಟೆಸ್ಸಾ ಆತುರಪಡಲಿಲ್ಲ. "ಮಿಂಚುಹುಳ," ಎಂದಳು ಕೊನೆಗೆ. "ಒಂದ್ಸಲ ಮಿಂಚಿ ಮತ್ತೆ ಮಿಂಚೋವರೆಗೆ ಅದು ಕತ್ತಲಲ್ಲಿ ಕಾಯುತ್ತಲ್ಲ, ಆ ಕಾ... ಕಾಯೋದೂ ಅದರ ಮಾತೇ. ನಡುವೆ ಯಾರೂ ಬಾಯಿ ಹಾಕ್ಬೇಡಿ, ಅಷ್ಟೇ."

ಜನ ಗೊಳ್ಳೆಂದು ನಕ್ಕು, ಟಾರ್ಚುಗಳನ್ನು ಆರಿಸಿ ಅವಳ ಹಿಂದೆ ಹೊರಟರು.

"ನಿಮ್ಮ ಮಗಳಾ?" ಗಡ್ಡದವನು ಮೆಲ್ಲಗೆ ಕೇಳಿದ.

"ಹೌ... ಹೌ..." ಆರ್ಲೋನ ಮಾತೂ ಅಲ್ಲೇ ಸಿಕ್ಕಿಹಾಕಿಕೊಂಡಿತು. ಗಡ್ಡದವನು ಈ ಸಲ ಬಾಯಿ ಹಾಕಲಿಲ್ಲ. ಕಾದು ನಿಂತ.